ತಿರುವಿ ನೋಡುವ ಹಾಗೆ ಇಡಿ: ಮೊದಲ ಸಲ ಕಲಾಸಂತೆಗೆ ಹೊರಟವರಿಗೆ

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು. ಹನ್ನೆರಡು ವರ್ಷದಿಂದ ಮನೆಯಲ್ಲೇ ಕಸೂತಿ ಹಾಕುತ್ತಿದ್ದೇನೆ. ಇಷ್ಟು ದಿನ ನೆಂಟರಿಗೆ, ಗೆಳತಿಯರಿಗೆ ಸುಮ್ನೆ ಕೊಡುತ್ತಿದ್ದೆ. ಈಗ ಮೊದಲ ಸಲ ಧಾರವಾಡದಲ್ಲಿ ಎರಡು ದಿನದ ಕಲಾಸಂತೆಯೊಂದರಲ್ಲಿ ಮಳಿಗೆ ಹಿಡಿದಿದ್ದೇನೆ. ಬಾಡಿಗೆ 1,500 ರೂಪಾಯಿ. ಇನ್ನು 24 ದಿನ ಉಳಿದಿದೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಂದು 30 ಕೆಲಸಗಳನ್ನು ಹಿಂದೆ ರಟ್ಟು ಅಂಟಿಸಿ, ಮುಂದೆ ಗಾಜು ಹಾಕಿಸಿ ಫ್ರೇಮ್ ಮಾಡಿಸಿದ್ದೇನೆ. ಎಲ್ಲವೂ ಎಂಟು ಇಂಚು ಅಥವಾ ಅದಕ್ಕಿಂತ ದೊಡ್ಡವು. ಇಷ್ಟು ಸಾಕಾಗುತ್ತಾ? ಬೆಲೆ ಎಷ್ಟು ಇಡಲಿ? ಚೌಕಾಸಿ ಮಾಡಿದರೆ ಏನು ಹೇಳಲಿ? ಹೊಸಬರ ಎದುರು ಮಾತಾಡೋಕೆ ನನಗೆ ಅಂಜಿಕೆ. ಅಜ್ಜಿ ಕಸೂತಿ ಹಾಕಿದ ಚಂದ್ರಕಾಳಿ, ಅಂದರೆ ಕಪ್ಪು ಸೀರೆಯ ಸೆರಗೊಂದು ಮನೆಯಲ್ಲಿದೆ. ಅದನ್ನೂ ತರಲೇ, ಬೇಡವೇ?

ಉತ್ತರ: ನೀವು ಕೇಳದೇ ಇರುವ ವಿಷಯದಿಂದ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಮೊದಲು ಚುಚ್ಚಿದ್ದು ಆ ರಟ್ಟು.

ನನ್ನ ಮೊದಲ ಮಳಿಗೆ ಹುಬ್ಬಳ್ಳಿಯ ಒಂದು ಮೇಳದಲ್ಲಿ. ನಾನೂ ನಿಮ್ಮ ಹಾಗೆಯೇ ಎಲ್ಲದಕ್ಕೂ ರಟ್ಟು ಅಂಟಿಸಿ, ಗಾಜು ಹಾಕಿಸಿ, ಸಾಲಾಗಿ ನಿಲ್ಲಿಸಿದ್ದೆ. ಮೊದಲ ದಿನ ಸಂಜೆ ಇಳಕಲ್ ಸೀರೆ ಉಟ್ಟ ಒಬ್ಬ ಅಜ್ಜಿ ಬಂದರು. ತೇರಿನ ಫ್ರೇಮನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು. ಹಿಂದೆ ಕಂದು ರಟ್ಟು. "ಹಿಂದ ತೋರಸವಾ. ಮುಂದ ಎಲ್ಲಾರೂ ಚಂದ ಹಾಕತಾರ" ಅಂದರು. ಫ್ರೇಮ್ ಬಿಚ್ಚಿ ರಟ್ಟು ಕೀಳಲು ಹೋದೆ. ಗೋಂದು ಬಟ್ಟೆಗೆ ಹತ್ತಿ ಹಳದಿ ಕಲೆ ಆಗಿತ್ತು, ಎರಡು ಎಳೆ ರಟ್ಟಿನ ಜೊತೆಗೇ ಕಿತ್ತು ಬಂತು. ಅಜ್ಜಿ ಏನೂ ಅನ್ನಲಿಲ್ಲ. ಫ್ರೇಮನ್ನು ಮೆಲ್ಲಗೆ ಕೆಳಗಿಟ್ಟು ಹೋದರು. ಅವತ್ತು ರಾತ್ರಿ ಮನೆಗೆ ಬಂದು ತುಂಬಾ ಅತ್ತೆ. ಅದೊಂದು ಮಾರಾಟ ತಪ್ಪಿತು ಅಂತ ಅಲ್ಲ. ನನ್ನ ಕೆಲಸದಲ್ಲಿ ಯಾವುದು ದೊಡ್ಡದೋ ಅದನ್ನೇ ನಾನು ಮುಚ್ಚಿಟ್ಟಿದ್ದೆ, ಅದಕ್ಕೆ.

ನಿಮಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಗವಂತಿ ಮತ್ತು ಮುರಗಿ ಹೊಲಿಗೆಯಲ್ಲಿ ನಾವು ಎಳೆ ಎಣಿಸುತ್ತಾ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗುತ್ತೇವೆ. ಆಮೇಲೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬುತ್ತೇವೆ. ಗಂಟು ಇಲ್ಲ. ಹಾಗಾಗಿ ಮುಂದೆ ಹೇಗೋ ಹಿಂದೆಯೂ ಹಾಗೇ. ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ತಿರುಗಿ ಬರಬೇಕು ಎಂದು ಮೊದಲೇ ತಲೆಯಲ್ಲಿ ಲೆಕ್ಕ ಇಲ್ಲದಿದ್ದರೆ ಇದು ಆಗುವುದಿಲ್ಲ. ನೇಗಿ ಮತ್ತು ಮೆಂತಿ ಹೊಲಿಗೆಗಳ ಮಾತು ಬೇರೆ. ನೇಗಿ ನೇಯ್ದ ಹಾಗೆ ಕಾಣುತ್ತದೆ, ಹಿಂದೆ ಅದು ತದ್ವಿರುದ್ಧವಾಗಿ ಬರುತ್ತದೆ. ಮೆಂತಿ ದಾಟುಹೊಲಿಗೆ, ಅಂದರೆ ಕ್ರಾಸ್ ಸ್ಟಿಚ್, ಅದರ ಹಿಂಬದಿಯೂ ಬೇರೆ. ಅವಕ್ಕೆ ರಟ್ಟು ಇದ್ದರೆ ನಡೆಯುತ್ತದೆ. ಗವಂತಿ, ಮುರಗಿಗೆ ರಟ್ಟು ಹಾಕಿದರೆ ಅರ್ಧ ಕೆಲಸ ಪೆಟ್ಟಿಗೆಯಲ್ಲಿಟ್ಟ ಹಾಗೆ.

30 ಫ್ರೇಮನ್ನೂ ಬಿಚ್ಚಿ ಅಂತ ಹೇಳುತ್ತಿಲ್ಲ. ಪೂರ್ತಿ ಗವಂತಿ, ಮುರಗಿಯಲ್ಲೇ ಹಾಕಿದ ಐದನ್ನು ಆರಿಸಿ. ರಟ್ಟು ಸಲೀಸಾಗಿ ಬಂದರೆ ಮಾತ್ರ ತೆಗೆಯಿರಿ, ಎಳೆದಾಡಬೇಡಿ. ಫ್ರೇಮ್ ಅಂಗಡಿಯವರಿಗೆ ಎರಡೂ ಕಡೆ ಗಾಜು ಹಾಕಿಕೊಡಿ ಎಂದು ಹೇಳಿ. ಬಟ್ಟೆ ಗಾಜಿಗೆ ತಾಗದ ಹಾಗೆ ಸುತ್ತ ಒಂದು ಪಟ್ಟಿ ಕೊಡಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತೇವ ಹಿಡಿದು ಕಲೆ ಬೀಳುತ್ತದೆ. ಮುಂದೆ ಹಾಕಿಸುವ ಯಾವ ಫ್ರೇಮಿಗೂ ಗೋಂದು ಬೇಡ. ಬಟ್ಟೆಯ ಅಂಚನ್ನು ರಟ್ಟಿನ ಹಿಂದಕ್ಕೆ ಮಡಚಿ, ದಾರದಿಂದ ಆಚೆ ಈಚೆ ಎಳೆದು ಕಟ್ಟಿ. ಯಾವಾಗ ಬೇಕಾದರೂ ಬಿಚ್ಚಬಹುದು. ಎರಡು ಮೂರು ಕೆಲಸ ಫ್ರೇಮೇ ಇಲ್ಲದೆ, ಹೊಲಿಯುವಾಗ ಬಟ್ಟೆ ಬಿಗಿಹಿಡಿಯುವ ರಿಂಗಿನಲ್ಲಿ ಹಾಗೇ ಇರಲಿ. ಜನ ಮುಟ್ಟಲಿ, ತಿರುವಲಿ.

ಇನ್ನು ಸಂಖ್ಯೆ. ಎರಡು ದಿನಕ್ಕೆ 30 ದೊಡ್ಡ ಕೆಲಸ ಧಾರಾಳ ಆಯಿತು. ಅವುಗಳ ಮೇಲೆ ಇನ್ನೊಂದು ದೊಡ್ಡದನ್ನು ಹಾಕಬೇಡಿ. ಕೊರತೆ ಇರುವುದು ಚಿಕ್ಕದರಲ್ಲಿ. ಸಂತೆಗೆ ಬರುವ ಹತ್ತು ಜನರಲ್ಲಿ ಎಂಟು ಜನ ಸಾವಿರ ರೂಪಾಯಿ ಖರ್ಚು ಮಾಡಲೆಂದು ಮನೆಯಿಂದ ಹೊರಟಿರುವುದಿಲ್ಲ. ಕೆಲಸ ಇಷ್ಟವಾದರೂ ಕೈ ಹಾಕಲು ಏನೂ ಸಿಗದೆ ಹೋಗುತ್ತಾರೆ. ಅವರಿಗೆ ನೂರೈವತ್ತರ ಒಳಗೆ ಒಂದು ವಸ್ತು ಬೇಕು.

ಈ 24 ದಿನ ಪುಸ್ತಕದಲ್ಲಿ ಇಡುವ ಗುರುತುಪಟ್ಟಿ ಮಾಡಿ. ಆರು ಇಂಚು ಉದ್ದ, ಒಂದೂವರೆ ಇಂಚು ಅಗಲದ, ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ, ಮೇಲೆ ಒಂದು ಸಣ್ಣ ಗೋಪುರ, ಕೆಳಗೆ ಗವಂತಿಯ ಒಂದು ಅಂಚು, ತುದಿಯಲ್ಲಿ ಎಳೆ ಬಿಚ್ಚಿ ಬಿಟ್ಟ ಕುಚ್ಚು. ನಿಮ್ಮ ಕೈಗೆ ಒಂದು ತಾಸಿನ ಕೆಲಸ. ದಿನಕ್ಕೊಂದು ಅಂದರೂ 20 ಆಗುತ್ತವೆ. ಇದನ್ನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಪಟ್ಟಿಗೆ ಹಿಂದೆ ಮುಂದೆ ಅನ್ನುವುದೇ ಇಲ್ಲ. ಓದುವವರು ದಿನಾ ಅದನ್ನು ತಿರುವುತ್ತಲೇ ಇರುತ್ತಾರೆ. ಧಾರವಾಡ ಅಂದರೆ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ಹತ್ತಿ ಇಳಿದ ಓದುಗರ ಊರು. ಇಲ್ಲಿ ಇದು ಹೋಗಿಯೇ ಹೋಗುತ್ತದೆ. ಮಧ್ಯದ ಬೆಲೆಗೆ, ಅಂದರೆ ಐನೂರರ ಆಸುಪಾಸಿಗೆ, ನಾಲ್ಕು ಇಂಚಿನ ರಿಂಗಿನಲ್ಲಿ ಆರೆಂಟು ಗಿಳಿ, ನವಿಲು ಇದ್ದರೆ ಸಾಕು.

ಬೆಲೆಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ನಮ್ಮ ಹೆಂಗಸರು ಜಾಸ್ತಿ ಸೋಲುವುದು ಇಲ್ಲೇ. "ಮನೆಯಲ್ಲಿ ಕೂತು ಮಾಡಿದ್ದು, ಅದಕ್ಕೇನು ಕೂಲಿ" ಅನ್ನುತ್ತಾರೆ. ನಿಮ್ಮ ಗೋಪುರದ ಎಂಟು ಇಂಚಿನ ಫ್ರೇಮನ್ನೇ ತೆಗೆದುಕೊಳ್ಳಿ. ಬಟ್ಟೆ, ರೇಷ್ಮೆ ದಾರ 90 ರೂಪಾಯಿ, ಫ್ರೇಮ್ 220, ಕಟ್ಟಿಕೊಡಲು ಕಾಗದ, ಚೀಲ 20. ಅಲ್ಲಿಗೆ 330 ಆಯಿತು. ಕೆಲಸ ಹತ್ತು ತಾಸು ಅಂದುಕೊಳ್ಳಿ. ತಾಸಿಗೆ 70 ಹಿಡಿದರೆ 700. ಮಳಿಗೆ ಬಾಡಿಗೆ 1,500, ಓಡಾಟ ಊಟ ಎಲ್ಲ ಸೇರಿ ಇನ್ನೊಂದು 1,000. ಈ 2,500ನ್ನು ಮಾರಾಟವಾಗಬಹುದಾದ 25 ವಸ್ತುಗಳಿಗೆ ಹಂಚಿದರೆ ತಲಾ 100. ಕೂಡಿಸಿದರೆ 1,130. ನೀವು 1,150 ಎಂದು ಬರೆಯಿರಿ.

ಈ ಅಂಕಿಗಳು ಲೆಕ್ಕ ತೋರಿಸಲು ನಾನು ಹಿಡಿದದ್ದು. ನಿಮ್ಮ ರಸೀದಿ ನೋಡಿ ನಿಮ್ಮ ಅಂಕಿ ಹಾಕಿ. ತಾಸಿನ ಕೂಲಿ ಎಷ್ಟು ಹಿಡಿಯಬೇಕು ಅಂತ ಗೊತ್ತಾಗದಿದ್ದರೆ, ನಿಮ್ಮ ಓಣಿಯಲ್ಲಿ ಕುಪ್ಪಸ ಹೊಲಿಯುವವರು ದಿನಕ್ಕೆ ಎಷ್ಟು ದುಡಿಯುತ್ತಾರೆ ಕೇಳಿ. ಅದಕ್ಕಿಂತ ಕೆಳಗೆ ಇಳಿಯಬೇಡಿ. ತಾಸು ಎಷ್ಟು ಅನ್ನುವುದನ್ನೂ ಅಂದಾಜಿಗೆ ಬಿಡಬೇಡಿ. ಈಗ ಮಾಡುವ ಗುರುತುಪಟ್ಟಿಗಳನ್ನು ಗಡಿಯಾರ ನೋಡಿಕೊಂಡು ಮಾಡಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಡುಗೆ ಮಧ್ಯೆ ಎದ್ದು ಹೋದದ್ದು ಬಿಟ್ಟು, ಸೂಜಿ ಕೈಯಲ್ಲಿದ್ದ ಹೊತ್ತು ಮಾತ್ರ.

ಇನ್ನೊಂದು ಮಾತು, ಇದನ್ನು ಬೇಡಿಕೊಂಡು ಹೇಳುತ್ತೇನೆ. ಸಂತೆಯಲ್ಲಿ ನಿಮ್ಮ ಪಕ್ಕದ ಮಳಿಗೆಯಲ್ಲೇ ಕಸೂತಿ ಹಾಕಿ ಮನೆ ನಡೆಸುವ ಹೆಂಗಸು ಕೂತಿರಬಹುದು. ನಿಮಗೆ ಇದು ಮನಸ್ಸಿನ ಖುಷಿ, ಅವರಿಗೆ ಮಕ್ಕಳ ಫೀಸು. ನೀವು ಹತ್ತು ತಾಸಿನ ಕೆಲಸವನ್ನು 400ಕ್ಕೆ ಕೊಟ್ಟರೆ ಅವರ 1,200 ದುಬಾರಿಯಾಗಿ ಕಾಣುತ್ತದೆ. ನಿಮ್ಮ ಬೆಲೆ ನಿಮ್ಮೊಬ್ಬರದ್ದೇ ಅಲ್ಲ.

ಬೆಲೆಯನ್ನು ಪ್ರತಿಯೊಂದಕ್ಕೂ ಸಣ್ಣ ಚೀಟಿಯಲ್ಲಿ ಬರೆದು ದಾರದಿಂದ ಕಟ್ಟಿ. ಹಿಂದೆ ಮುಂದೆ ಎರಡೂ ಕಡೆ ಬರೆಯಿರಿ. ಮುಂದೆ ಬೆಲೆ, ಹಿಂದೆ "ಗವಂತಿ, ಹತ್ತು ತಾಸು" ಅಂತ ಮೂರೇ ಪದ. ಬೆಲೆ ಕೇಳಲು ಸಂಕೋಚಪಡುವವರು ನಮ್ಮಲ್ಲಿ ಬಹಳ. ಚೀಟಿ ಇಲ್ಲದಿದ್ದರೆ ಅವರು ನೋಡಿ ಹಾಗೇ ಮುಂದೆ ಹೋಗುತ್ತಾರೆ.

ಚೌಕಾಸಿ ಬಂದೇ ಬರುತ್ತದೆ. ಹುಬ್ಬಳ್ಳಿ ದುರ್ಗದ ಬೈಲಿನಲ್ಲಿ ವ್ಯಾಪಾರ ಕಲಿತ ಜನ ನಾವು, ಕೇಳದೆ ಬಿಡುತ್ತೇವಾ? ಅದನ್ನು ಅವಮಾನ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಮಾತು ಹೀಗೆ ಬರುತ್ತದೆ: "ಅಕ್ಕಾರ, ಸಾವಿರದ ಒಂದುನೂರಾ ಐವತ್ತಾ? ಮಶೀನ್‌ನಾಗ ಹಾಕಿದ್ದು ಮುನ್ನೂರಕ್ಕ ಸಿಗ್ತೈತಲ್ರಿ." ಇದಕ್ಕೆ ಉತ್ತರ ನಿಮ್ಮ ಬಾಯಲ್ಲಿ ಬೇಡ, ಮೇಜಿನ ಮೇಲೆ ಇರಲಿ. ಮಶೀನಿನಲ್ಲಿ ಕಸೂತಿಯ ಹಾಗೆ ಹಾಕಿದ ಒಂದು ತುಂಡು ಬಟ್ಟೆ ಅಂಗಡಿಯಿಂದ ತಂದು ಇಟ್ಟುಕೊಳ್ಳಿ. ಅದನ್ನೂ ನಿಮ್ಮ ರಿಂಗನ್ನೂ ಒಟ್ಟಿಗೆ ಅವರ ಕೈಗೆ ಕೊಟ್ಟು "ಎರಡೂ ತಿರುವಿ ನೋಡ್ರಿ" ಅನ್ನಿ. ಮಶೀನಿನದರ ಹಿಂದೆ ಬಾಬಿನ್ ದಾರ ಎಳೆದಾಡಿರುತ್ತದೆ, ಕೆಲವಕ್ಕೆ ಬಿಳಿ ಕಾಗದ ಅಂಟಿಕೊಂಡೇ ಇರುತ್ತದೆ. ನಿಮ್ಮದರಲ್ಲಿ ಅದೇ ಗೋಪುರ, ಅದೇ ಮೆಟ್ಟಿಲು. ಬೆರಳು ಆಡಿಸಿದರೂ ಗಂಟು ಸಿಗುವುದಿಲ್ಲ. ನಾನು ಎಷ್ಟೋ ಸಲ ನೋಡಿದ್ದೇನೆ, ಆ ಹೊತ್ತಿಗೆ ಮುಖವೇ ಬದಲಾಗುತ್ತದೆ. ಕೊಳ್ಳದಿದ್ದರೂ ಮಾತು ಬದಲಾಗುತ್ತದೆ.

ಅಷ್ಟಾದ ಮೇಲೂ ಕಡಿಮೆ ಮಾಡಿ ಅಂದರೆ ನಗುತ್ತಲೇ "ಇದರೊಳಗ ಹತ್ತು ತಾಸು ಅದಾವ್ರಿ" ಅಂದು ಸುಮ್ಮನಾಗಿ. ಎರಡು ಮೂರು ಒಟ್ಟಿಗೆ ಕೊಂಡವರಿಗೆ ಒಂದು ಗುರುತುಪಟ್ಟಿ ಕೈಗಿಡಿ. ಬೆಲೆ ಇಳಿಸುವುದಕ್ಕಿಂತ ಇದು ಒಳ್ಳೆಯದು. ಬೋಣಿಗೆಗೆ ಮಾತ್ರ ನಾನು ಸ್ವಲ್ಪ ಬಿಡುತ್ತೇನೆ, ಅದೂ ಐವತ್ತರ ಒಳಗೆ. ಎರಡನೇ ದಿನ ಸಂಜೆ ಉಳಿದದ್ದನ್ನು ಅರ್ಧ ಬೆಲೆಗೆ ಕೊಡಲೇಬೇಡಿ. ಮೊದಲ ದಿನ ಪೂರ್ತಿ ಹಣ ಕೊಟ್ಟವರು ಅಲ್ಲೇ ಓಡಾಡುತ್ತಿರುತ್ತಾರೆ. ಕಸೂತಿ ಕೊಳೆಯುವ ತರಕಾರಿ ಅಲ್ಲ.

ಮಾತಾಡುವ ಅಂಜಿಕೆಗೆ ನನ್ನ ಹತ್ತಿರ ಇರುವ ಮದ್ದು ಒಂದೇ. ಕೂತು ಹೊಲಿಯಿರಿ. ಕೈಯಲ್ಲಿ ಕೆಲಸ ಇದ್ದರೆ ನಿಮಗೂ ಧೈರ್ಯ, ಬಂದವರಿಗೂ ನೋಡಲು ಏನೋ ಸಿಗುತ್ತದೆ. ಗವಂತಿ ಅರ್ಧ ದಾರಿಗೆ ಬಂದ ಬಟ್ಟೆ ಇಟ್ಟುಕೊಳ್ಳಿ, ಹೋಗುವ ಸಾಲು ಮುಗಿದು ಬರುವ ಸಾಲು ಇನ್ನೂ ಬಾಕಿ ಇರುವಂಥದ್ದು. ಚುಕ್ಕಿ ಚುಕ್ಕಿಯಾಗಿ ಕಾಣುವ ಗೋಪುರ ಒಂದೊಂದೇ ಹೊಲಿಗೆಗೆ ಪೂರ್ತಿ ಆಗುವುದನ್ನು ಜನ ಉಸಿರು ಹಿಡಿದು ನೋಡುತ್ತಾರೆ. ನೀವು "ಬನ್ನಿ ಬನ್ನಿ" ಅಂತ ಕರೆಯಬೇಕಿಲ್ಲ. ಅವರೇ ಕೇಳುತ್ತಾರೆ, ನೀವು ಉತ್ತರ ಕೊಡುತ್ತೀರಿ. ಗೊತ್ತಿರುವುದನ್ನು ಹೇಳಲು ಅಂಜಿಕೆ ಯಾಕೆ? ಆದರೆ ಯಾರಾದರೂ ಒಂದು ವಸ್ತು ಕೈಗೆ ತೆಗೆದುಕೊಂಡ ಕೂಡಲೇ ಸೂಜಿ ಚುಚ್ಚಿಟ್ಟು ಎದ್ದು ನಿಲ್ಲಿ. ಸೂಜಿ ಎಷ್ಟು ತಂದಿರಿ ಅಂತ ಲೆಕ್ಕ ಇರಲಿ. ಸಂಜೆ ಅಷ್ಟೂ ಇವೆಯೇ ನೋಡಿ. ಮಳಿಗೆಯ ಮುಂದೆ ಮಕ್ಕಳು ಬರಿಗಾಲಲ್ಲಿ ಓಡಾಡುತ್ತವೆ.

ಮಳಿಗೆಯ ಜೋಡಣೆ ಬಗ್ಗೆ ಎರಡು ಮಾತು. ಫ್ರೇಮ್‌ಗಳನ್ನು ಮೇಜಿನ ಮೇಲೆ ಮಲಗಿಸಬೇಡಿ, ಕಣ್ಣಿನ ಎತ್ತರಕ್ಕೆ ನಿಲ್ಲಿಸಿ. ಎಲ್ಲ 30 ಒಮ್ಮೆಲೇ ಬೇಡ, ಹತ್ತು ಹನ್ನೆರಡು ಹೊರಗೆ, ಉಳಿದವು ಮೇಜಿನ ಕೆಳಗೆ. ಕೆಳಗೆ ಹಾಸಲು ಒಂದೇ ಬಣ್ಣದ ಬಟ್ಟೆ. ಹೂವಿನ ಚಾದರದ ಮೇಲೆ ಕಸೂತಿ ಕಾಣುವುದೇ ಇಲ್ಲ. ಅಂಚಿಗೆ ಗುಳೇದಗುಡ್ಡದ ಖಣದ ಒಂದು ಪಟ್ಟಿ ಬೇಕಾದರೆ ಇರಲಿ, ಅದು ಕಣ್ಣು ಎಳೆಯದ ಹಾಗೆ. ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದರೆ ಬರೀ ಹೊಳಪು, ಒಳಗೆ ಏನಿದೆ ಎಂದು ಕಾಣುವುದಿಲ್ಲ. ಬೆಳಿಗ್ಗೆಯೇ ಹೋಗಿ ಬಿಸಿಲು ಯಾವ ಕಡೆಯಿಂದ ಬರುತ್ತದೆ ನೋಡಿ ಮೇಜು ತಿರುಗಿಸಿ. ಗದಗಿನ ಗಾಳಿ ನಿಮಗೆ ಹೊಸದೇನಲ್ಲ, ಬಯಲಿನಲ್ಲಿ ಸಂತೆ ಅಂದರೆ ಧಾರವಾಡದಲ್ಲೂ ಗಾಳಿ ಇರುತ್ತದೆ. ನಿಲ್ಲಿಸಿದ ಪ್ರತಿ ಫ್ರೇಮನ್ನೂ ಹಿಂದಿನಿಂದ ತಂತಿಯಲ್ಲಿ ಬಿಗಿಯಿರಿ. ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ ಜೊತೆಗಿರಲಿ. ಧಾರವಾಡದ ಜಿಟಿಜಿಟಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಜನ ಜಾಸ್ತಿ ಬರುವುದು ಸಂಜೆ ಐದರ ಮೇಲೆ. ಚಾರ್ಜ್ ಆಗುವ ಒಂದು ಎಲ್‌ಇಡಿ ದೀಪ ತನ್ನಿ, ಬಿಳಿ ಬೆಳಕಿನದು. ಹಳದಿ ಬೆಳಕಿನಲ್ಲಿ ಕೆಂಪು, ಕಿತ್ತಳೆ ದಾರಗಳು ಒಂದೇ ಆಗಿ ಕಾಣುತ್ತವೆ.

ತರುವಾಗ ಗಾಜಿಗೆ ಗಾಜು, ಬೆನ್ನಿಗೆ ಬೆನ್ನು, ನಡುವೆ ಹಳೆಯ ದುಪ್ಪಟಿ. ಪೆಟ್ಟಿಗೆಯಲ್ಲಿ ನಿಲ್ಲಿಸಿ ಇಡಿ, ಮಲಗಿಸಿದರೆ ಕೆಳಗಿನ ಗಾಜು ಒಡೆಯುತ್ತದೆ. ಹುಬ್ಬಳ್ಳಿಯವರೆಗೆ ಬಸ್, ಅಲ್ಲಿಂದ ಧಾರವಾಡಕ್ಕೆ ಚಿಗರಿ (ಬಿಆರ್‌ಟಿಎಸ್) ಬಸ್ ಅಂತ ಲೆಕ್ಕ ಹಾಕಿದ್ದರೆ, ಒಬ್ಬರೇ ಬರಬೇಡಿ. ಮಳಿಗೆಗೂ ಇನ್ನೊಬ್ಬರು ಬೇಕು. ಊಟಕ್ಕೆ, ನೀರಿಗೆ ಹೋಗಬೇಕಲ್ಲ.

ಹಣದ ವ್ಯವಹಾರ ಚುಟುಕಾಗಿ. ನಿಮ್ಮದೇ ಹೆಸರಿನ ಯುಪಿಐ ಕ್ಯೂಆರ್ ಕೋಡನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿ, ಎರಡು ಪ್ರತಿ. ಕೊಂಡವರ ಮೊಬೈಲಿನ ಸ್ಕ್ರೀನ್ ನೋಡಿ ವಸ್ತು ಕೊಡಬೇಡಿ, ನಿಮ್ಮ ಫೋನಿಗೆ ಹಣ ಬಂದದ್ದು ನೋಡಿ. ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ಇರಲಿ. ಜಿಎಸ್‌ಟಿ ಚಿಂತೆ ನಿಮಗೆ ಈಗ ಬೇಡ. ನಮ್ಮ ರಾಜ್ಯದೊಳಗೆ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ಆದರೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ಪಹಚಾನ್ ಗುರುತಿನ ಚೀಟಿಗೆ ಅರ್ಜಿ ಹಾಕಿ. ಸರ್ಕಾರ ನಡೆಸುವ ಕರಕುಶಲ ಮೇಳಗಳಲ್ಲಿ ಮಳಿಗೆ ಕೇಳಲು ಅದು ಬೇಕಾಗುತ್ತದೆ.

ಒಂದು ಎಚ್ಚರಿಕೆ. ಕಸೂತಿಗೆ ಭೌಗೋಳಿಕ ಸೂಚಿ ಅಂದರೆ ಜಿಐ ಮಾನ್ಯತೆ ಇದೆ. ಅದನ್ನು ಬಂದವರಿಗೆ ಹೆಮ್ಮೆಯಿಂದ ಹೇಳಿ. ಆದರೆ ಜಿಐ ಗುರುತನ್ನು ನಿಮ್ಮ ಚೀಟಿಯ ಮೇಲೆ ಅಚ್ಚು ಹಾಕಿಸಬೇಡಿ. ಅಧಿಕೃತ ಬಳಕೆದಾರರು ಎಂದು ನೋಂದಾಯಿಸಿಕೊಂಡವರು ಮಾತ್ರ ಅದನ್ನು ಹಾಕಬಹುದು. ನಿಮ್ಮ ಹೆಸರು, ಊರು, ಫೋನ್ ನಂಬರ್ ಇರುವ ಸಣ್ಣ ಕಾರ್ಡು ಸಾಕು. ಅದನ್ನು ಕೊಳ್ಳದವರಿಗೂ ಕೊಡಿ.

ನೋಟ್‌ಬುಕ್ ಮೇಜಿನ ಮೇಲೆಯೇ ಇರಲಿ. ಏನು ಮಾರಾಟವಾಯಿತು ಎಂದು ಎಲ್ಲರೂ ಬರೆಯುತ್ತಾರೆ. ನೀವು, ಯಾವುದನ್ನು ಜನ ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟರು ಅನ್ನುವುದನ್ನೂ ಬರೆಯಿರಿ. ಆನೆಯನ್ನು ಹತ್ತು ಜನ ಎತ್ತಿ ಹತ್ತೂ ಜನ ಇಟ್ಟರೆ, ಆನೆ ಇಷ್ಟವಾಗಿದೆ, ಅಳತೆಯೋ ಬೆಲೆಯೋ ಕೂಡಿಬಂದಿಲ್ಲ. ಮುಂದಿನ ಸಲ ಚಿಕ್ಕ ಆನೆ ಹಾಕಿ.

ಇನ್ನು ಅಜ್ಜಿಯ ಸೆರಗು. ತನ್ನಿ, ಖಂಡಿತ ತನ್ನಿ. ಆದರೆ ಮಳಿಗೆಯ ಹಿಂದಿನ ಗೋಡೆಗೆ ಹಾಕಬೇಡಿ. ಪಕ್ಕಕ್ಕೆ, ನೆರಳಿರುವ ಕಡೆ, ಜನ ಎರಡೂ ಬದಿಯಿಂದ ಸುತ್ತಿ ನೋಡುವ ಹಾಗೆ ಇಳಿಬಿಡಿ. ಪಿನ್ನು, ಕ್ಲಿಪ್ಪು ಬೇಡ, ಹಳೆಯ ಬಟ್ಟೆ ಅಲ್ಲೇ ಹರಿಯುತ್ತದೆ. ಒಂದು ದಪ್ಪ ಪೈಪಿಗೆ ಬಿಳಿ ಹತ್ತಿ ಬಟ್ಟೆ ಸುತ್ತಿ ಅದರ ಮೇಲೆ ಹಾಕಿ. ಚಂದ್ರಕಾಳಿಯ ಕಪ್ಪು ಬಣ್ಣ ಬಿಸಿಲಿಗೆ ಮಾಸುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಮೊದಲ ದಿನ ಸಂಜೆ ಮಾತ್ರ ಹಾಕಿದರೂ ಸಾಕು. ಮುಟ್ಟುವುದು ಬೇಡ ಎಂದು ಒಂದು ಮೊಳ ದೂರಕ್ಕೆ ಹಗ್ಗ ಕಟ್ಟಿ. "ನಮ್ಮ ಅಜ್ಜಿ ಹಾಕಿದ ಕಸೂತಿ. ಮಾರಾಟಕ್ಕಿಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಆದರೂ ಬೆಲೆ ಕೇಳುವವರು ಇರುತ್ತಾರೆ. ಕೆಲವರು ದೊಡ್ಡ ಮೊತ್ತವನ್ನೇ ಹೇಳುತ್ತಾರೆ. ಸಂತೆಯ ಗದ್ದಲದಲ್ಲಿ ನಿಂತು ಅದಕ್ಕೆ ಹೂಂ ಅನ್ನಬೇಡಿ. "ಇಂಥದ್ದು ಹಾಕಿಕೊಡ್ತೀರಾ?" ಎಂದು ಕೇಳಿದರೆ ಮಾತ್ರ ನೋಟ್‌ಬುಕ್ ತೆಗೆಯಿರಿ. ಸೆರಗಿನ ಯಾವ ಭಾಗ ಬೇಕು, ಯಾವ ಬಣ್ಣ, ಎಷ್ಟು ಉದ್ದ ಎಂದು ಅವರ ಎದುರೇ ಬರೆದುಕೊಳ್ಳಿ. ಬೆಲೆಯನ್ನು ಅಲ್ಲೇ ಹೇಳಬೇಡಿ. ಮನೆಗೆ ಹೋಗಿ ಒಂದು ಗೇಣು ಹಾಕಿ ನೋಡಿ, ತಾಸು ಎಣಿಸಿ, ಆಮೇಲೆ ಫೋನ್ ಮಾಡಿ. ಅರ್ಧ ಹಣ ಮುಂಗಡ ಕೇಳಿ. ಪೂರ್ತಿ ಸೆರಗಿಗೆ ಮೂರು ತಿಂಗಳು ಕೇಳಿ, ಅದಕ್ಕಿಂತ ಒಂದು ದಿನ ಕಡಿಮೆಗೂ ಒಪ್ಪಬೇಡಿ.